ಮಾಲ್ಡೋವಾದ ಬೀಗಿತ್ತಿ

ನಮ್ಮ ಮನೆಗೆ ಬಂದವರು ಈಚೆಗೆ ಮೊದಲು ನೋಡುವುದು ನನ್ನ ಮುಖವನ್ನಲ್ಲ, ಕಾಲನ್ನು. ಹೊರಗೆ ಟೆಕ್ಸಸ್ಸಿನ ನಮ್ಮ ಕ್ಯಾರಲ್ಟನ್ನಿನ ಬಿಸಿಲಿಗೆ ಡ್ರೈವ್‌ವೇ ಸಂಡಿಗೆ ಒಣಗಿಸುವಷ್ಟು ಕಾದಿರುತ್ತದೆ. ಒಳಗೆ ನಾನು ದಪ್ಪ ಉಣ್ಣೆಯಲ್ಲಿ ಹೆಣೆದ, ಮೂತಿಯ ಮೇಲೊಂದು ಕೆಂಪು ಹೂವಿರುವ ಚಪ್ಪಲಿ ಹಾಕಿಕೊಂಡು ಸರಬರ ಓಡಾಡುತ್ತಿರುತ್ತೇನೆ. "ಕಾಲಿಗೇನಾಯ್ತು ಆಂಟಿ?" ಎಂದು ಕೇಳುವವರಿಗೆ "ಏನೂ ಆಗಿಲ್ಲ, ಏನೂ ಆಗದೇ ಇರ್ಲಿ ಅಂತ" ಎನ್ನುತ್ತೇನೆ. ಅಷ್ಟಕ್ಕೆ ಸುಮ್ಮನಾಗುವವರು ಸುಮ್ಮನಾಗುತ್ತಾರೆ. ಆಗದವರಿಗೆ ಕಾಫಿ ಕೊಟ್ಟು ಕೂರಿಸಿ ತಮಾರಾಳ ವಿಷಯ ಹೇಳಬೇಕಾಗುತ್ತದೆ. ನೀವೂ ಕೇಳಿದಿರಿ ಎಂದೇ ಇಟ್ಟುಕೊಳ್ಳೋಣ.

ತಮಾರಾ ನನ್ನ ಬೀಗಿತ್ತಿ. ನಮ್ಮ ಒಬ್ಬನೇ ಮಗ ಪ್ರಣವನ ಹೆಂಡತಿ ಕ್ರಿಸ್ತೀನಾಳ ತಾಯಿ. ಬೀಗರನ್ನು ಏಕವಚನದಲ್ಲಿ ಕರೆಯಬಾರದೆಂದು ನನಗೂ ಗೊತ್ತು. ಆದರೆ ನಮ್ಮಿಬ್ಬರ ಮಾತೆಲ್ಲ ಕೈಸನ್ನೆಯಲ್ಲಿ, ತಪ್ಪಿದರೆ ಫೋನಿನ ಅನುವಾದದಲ್ಲಿ ನಡೆಯುತ್ತಿದ್ದುದರಿಂದ ಬಹುವಚನ ಯಾವಾಗಲೋ ಕಳೆದುಹೋಯಿತು.

ಅವರ ದೇಶ ಮಾಲ್ಡೋವಾ. ಮದುವೆ ಗೊತ್ತಾದಾಗ ಮೈಸೂರಿನಲ್ಲಿರುವ ನನ್ನಕ್ಕನಿಗೆ ಫೋನ್ ಮಾಡಿ ಹೇಳಿದೆ. "ಮಾಲ್ಡೀವ್ಸಾ? ಒಳ್ಳೇದಾಯ್ತು ಬಿಡೆ, ನಮಗೂ ಹತ್ರ. ಸಮುದ್ರದ ಪಕ್ಕಾನೇ ಮನೆಯಾ?" ಎಂದಳು. ನಾನು ನಕ್ಕೆ. ನಕ್ಕಿದ್ದು ಜಾಣತನದಿಂದಲ್ಲ. ಅದಕ್ಕೆ ಹಿಂದಿನ ದಿನ ನಾನೂ ಮ್ಯಾಪಿನಲ್ಲಿ ಹಿಂದೂ ಮಹಾಸಾಗರವನ್ನೆಲ್ಲ ತಡಕಾಡಿದ್ದೆ. ಅದು ರೊಮೇನಿಯಾಗೂ ಉಕ್ರೇನಿಗೂ ನಡುವೆ ಸಿಕ್ಕಿಕೊಂಡಿರುವ, ಸಮುದ್ರವನ್ನೇ ಕಾಣದ ಪುಟ್ಟ ದೇಶ. ಸೋವಿಯತ್ ಒಕ್ಕೂಟ ಒಡೆದಾಗ ಬಿದ್ದ ಚೂರುಗಳಲ್ಲಿ ಒಂದು.

ಸೋವಿಯತ್ ಅಂದರೆ ನನ್ನ ಮಟ್ಟಿಗೆ ನೋಟ್‌ಬುಕ್ಕಿನ ಹೊದಿಕೆ. ನಮ್ಮಪ್ಪ ಕಮ್ಯುನಿಸ್ಟರಲ್ಲ. ಅಗ್ಗದಲ್ಲಿ ಬರುತ್ತದೆ, ಕಾಗದ ಚೆನ್ನಾಗಿದೆ ಎಂಬ ಕಾರಣಕ್ಕೆ ಆ ದೇಶದ ಬಣ್ಣದ ಪತ್ರಿಕೆಯೊಂದನ್ನು ತರಿಸುತ್ತಿದ್ದರು. ಓದಿದವರನ್ನು ನಾನು ಕಂಡಿಲ್ಲ. ಜೂನ್ ತಿಂಗಳಲ್ಲಿ ನಾವು ಅಕ್ಕತಂಗಿಯರು ಅದರ ಹಾಳೆ ಹರಿದು ಪುಸ್ತಕಗಳಿಗೆ ಹೊದಿಸುತ್ತಿದ್ದೆವು. ನನ್ನ ಗಣಿತದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಹತ್ತಿ ನಿಂತ, ತಲೆಗೆ ಬಟ್ಟೆ ಕಟ್ಟಿದ ಹೆಂಗಸೊಬ್ಬಳು ಇಡೀ ವರ್ಷ ನಗುತ್ತಿದ್ದಳು. ಲೆಕ್ಕ ತಪ್ಪಿದರೂ ನಗುತ್ತಿದ್ದಳು. ಅಷ್ಟು ಸುಖವಾಗಿರುವ ಜನ ಪ್ರಪಂಚದಲ್ಲಿ ಇರುತ್ತಾರೆಂದು ನಾನು ಬಹಳ ಕಾಲ ನಂಬಿದ್ದೆ. ಈ ವಿಷಯವನ್ನು ತಮಾರಾಗೆ ಹೇಳಿದಾಗ ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿ ನಕ್ಕಳು. ಅವರ ಊರಿಗೂ ಒಮ್ಮೆ ಫೋಟೋದವರು ಬಂದಿದ್ದರಂತೆ. ಬರುವಾಗ ಹೊಸ ತಲೆಬಟ್ಟೆಗಳ ಕಟ್ಟೊಂದನ್ನು ತಂದಿದ್ದು, ಹೋಗುವಾಗ ಬಿಚ್ಚಿಸಿಕೊಂಡು ಹೋದರಂತೆ.

ತಮಾರಾಗೆ ಮದುವೆಗೆ ಬರಲಾಗಿರಲಿಲ್ಲ. ವೀಸಾ ಸಿಕ್ಕಿರಲಿಲ್ಲ. ಕ್ರಿಸ್ತೀನಾಗೆ ದಿನ ತುಂಬುತ್ತಿದ್ದಾಗ ಬಾಣಂತನಕ್ಕೆಂದು ಬಂದಳು. ನಾನೂ ನಮ್ಮವರೂ ಆಗಲೇ ಲಿಯಾಂಡರ್ ಎಂಬ ಊರಿನಲ್ಲಿರುವ ಮಗನ ಮನೆಯಲ್ಲಿ ಬೀಡುಬಿಟ್ಟಿದ್ದೆವು. ಅವಳ ವಿಮಾನ ಇಳಿಯುವುದು ಕಾರಿನಲ್ಲಿ ಮೂರು ಗಂಟೆ ದೂರದ ಹ್ಯೂಸ್ಟನ್ನಿನಲ್ಲಿ. ಕರೆತರುವವರು ಯಾರು ಎಂಬ ಮಾತು ಬಂದಾಗ ಕ್ರಿಸ್ತೀನಾ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಹೇಳಿದಳು, "ಬಸ್ಸಿನಲ್ಲಿ ಬರ್ತಾಳೆ ಬಿಡಿ. ತಮಾರಾಗೆ ಬಸ್ ಅಭ್ಯಾಸ." ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ನಾನು ಅದನ್ನು ಕನ್ನಡ ಮಾಡಿಕೊಂಡಿದ್ದೇನೆ. ಆದರೆ ಯಾವ ಭಾಷೆಗೆ ತಂದರೂ ಆ ಮಾತು ತಣ್ಣಗೇ ಇರುತ್ತದೆ. ನನ್ನನ್ನು "ಅಮ್ಮ" ಎನ್ನುವ ಹುಡುಗಿ ಹೆತ್ತ ತಾಯಿಯನ್ನು ಹೆಸರು ಹಿಡಿದು ಕರೆಯುತ್ತಾಳೆಂಬುದು ಆವತ್ತು ನನ್ನ ಗಮನಕ್ಕೆ ಬಂತು.

ನಾವೇ ಹೋದೆವು. ನಮ್ಮವರು ಧಾರವಾಡದವರು. ಮೂವತ್ತು ವರ್ಷ ಟೆಕ್ಸಸ್ಸಿನಲ್ಲಿದ್ದರೂ ಮಾತು ಧಾರವಾಡ ಬಿಟ್ಟು ಕದಲಿಲ್ಲ. ಏರ್‌ಪೋರ್ಟಿನಲ್ಲಿ ಭಾರದ ಚೀಲ ಎಳೆದುಕೊಂಡು ಬಂದ ಗಟ್ಟಿಮುಟ್ಟಾದ ಹೆಂಗಸನ್ನು ಕಂಡಕೂಡಲೇ ಎರಡೂ ಕೈ ಜೋಡಿಸಿ "ಬರ್ರಿ ಬೀಗರ, ಬರ್ರಿ. ಹಾದಿ ಭಾಳ ದೂರ ಆತೇನ್ರಿ?" ಎಂದರು. ಅವಳು ಅಷ್ಟೇ ಗಂಭೀರವಾಗಿ ರೊಮೇನಿಯನ್ನಿನಲ್ಲಿ ಉತ್ತರ ಕೊಟ್ಟಳು. ಅದೇ ಅವರ ಮನೆಮಾತು. ಇಬ್ಬರಿಗೂ ಸಮಾಧಾನವಾದಂತೆ ಕಂಡಿತು.

ಕಾರಿನ ಹಿಂದಿನ ಸೀಟಿನಲ್ಲಿ ನಾನೂ ಅವಳೂ ಕೂತೆವು. ಪ್ರಣವ ನನ್ನ ಫೋನಿಗೆ ಹಾಕಿಕೊಟ್ಟಿದ್ದ ಅನುವಾದದ ಆ್ಯಪ್ ತೆರೆದೆ. ಅವಳು ಮಾತಾಡಿದ್ದನ್ನು ಅದು ಹಳೆಯ ರೇಡಿಯೋ ವಾರ್ತೆಯ ಹೆಂಗಸಿನ ದನಿಯಲ್ಲಿ ಕನ್ನಡದಲ್ಲಿ ಹೇಳುತ್ತಿತ್ತು. ಅವಳ ಮೊದಲ ಮಾತು: "ನನ್ನ ಪುತ್ರಿಯ ಅತ್ತೆಯವರೇ, ತಮ್ಮ ಪಾದಗಳು ಬರಿದಾಗಿವೆ." ಬೇಸಿಗೆಯಲ್ಲಿ ನಾನು ಕಾರು ಹತ್ತಿದೊಡನೆ ಚಪ್ಪಲಿ ಕಳಚಿ ಎಸಿ ಗಾಳಿಗೆ ಕಾಲು ಚಾಚುವವಳು. ತಮಾರಾ ಚೀಲದಲ್ಲಿ ಕೈ ಹಾಕಿ, ತಾನೇ ಹೆಣೆದು ತಂದಿದ್ದ ಉಣ್ಣೆ ಚಪ್ಪಲಿ ತೆಗೆದು, ಬಗ್ಗಿ ನನ್ನ ಕಾಲಿಗೆ ತೊಡಿಸಿಯೇಬಿಟ್ಟಳು. ಬೀಗಿತ್ತಿಯಿಂದ ಕಾಲು ಹಿಡಿಸಿಕೊಂಡ ಮೈಸೂರಿನ ಮೊದಲ ಹೆಂಗಸು ನಾನೇ ಇರಬೇಕು.

ಮಗು ಹುಟ್ಟಿತು, ಹೆಣ್ಣು. ಎರಡೂ ಕಡೆ ನಡೆಯುವ ಹೆಸರು ಎಂದು ಮೀರಾ ಎಂದಿಟ್ಟರು. ಶುಗರ್ ಲ್ಯಾಂಡಿನ ನನ್ನ ಗೆಳತಿ ಫೋನಿನಲ್ಲಿ ಎಚ್ಚರಿಸಿದ್ದಳು, "ಒಂದೇ ಅಡುಗೆಮನೇಲಿ ಇಬ್ರು ಅಜ್ಜಿಯರು ಬೇಡ ಕಣೇ, ಕಷ್ಟ." ನಾನೂ ಯುದ್ಧಕ್ಕೆ ಸಿದ್ಧಳಾಗಿಯೇ ಇದ್ದೆ. ಅಂಟಿನುಂಡೆ, ಮೆಣಸಿನ ಸಾರಿನ ಪುಡಿ, ಬಜೆ, ಕಿವಿಗೆ ಹತ್ತಿ ಎಲ್ಲ ಕ್ಯಾರಲ್ಟನ್ನಿನಿಂದ ಕಟ್ಟಿಕೊಂಡು ಬಂದಿದ್ದೆ. ಆದರೆ ಯುದ್ಧವಾಗಲಿಲ್ಲ, ಮೈತ್ರಿಯಾಯಿತು. ಬಾಣಂತಿಗೆ ಗಾಳಿ ಸೋಕಬಾರದೆಂದು ನಾನು ನಂಬಿದ್ದರೆ, ಯಾರಿಗೂ ಯಾವ ಕಾಲಕ್ಕೂ ಗಾಳಿ ಸೋಕಬಾರದೆಂದು ಅವಳು ನಂಬಿದ್ದಳು. ಒಂದು ಕಿಟಕಿಯಿಂದ ಬಂದು ಇನ್ನೊಂದರಿಂದ ಹೋಗುವ ಗಾಳಿಗೆ ಅವರ ಭಾಷೆಯಲ್ಲಿ ಕರೆಂಟ್ ಅನ್ನುತ್ತಾರಂತೆ. ಇದು ನಮಗೆ ತಿಳಿದದ್ದು ಆಮೇಲೆ. ಮೊದಲ ದಿನ ಫೋನು "ಬಾಣಂತಿಯ ಬೆನ್ನಿಗೆ ವಿದ್ಯುತ್ ತಗಲುತ್ತಿದೆ!" ಎಂದು ಸಾರಿದಾಗ ನಮ್ಮವರು ಗಾಬರಿಯಿಂದ ಮೇನ್ ಸ್ವಿಚ್ ಆಫ್ ಮಾಡಲು ಗರಾಜಿಗೆ ಓಡಿದ್ದರು.

ನಾವಿಬ್ಬರೂ ಸೇರಿ ಎಸಿಯ ಡಿಗ್ರಿಯನ್ನು ಎಷ್ಟು ಏರಿಸಿದೆವೆಂದರೆ ಪ್ರಣವ ಬನಿಯನ್ನಿನಲ್ಲಿ ಆಫೀಸಿನ ಮೀಟಿಂಗ್ ಮಾಡುತ್ತಿದ್ದ, ಕ್ಯಾಮೆರಾ ಆಫ್ ಮಾಡಿಕೊಂಡು. "ಅಮ್ಮ, ಪ್ಲೀಸ್. ಹೊರಗಡೆ ಹಂಡ್ರೆಡ್ ಅಂಡ್ ಫೋರ್ ಇದೆ. ಐ ಆಮ್ ಮೆಲ್ಟಿಂಗ್" ಎಂದು ಗೋಗರೆಯುತ್ತಿದ್ದ. ನಾನು ತಮಾರಾ ಕಡೆ ನೋಡುತ್ತಿದ್ದೆ. ಅವಳು ತಲೆ ಅಲ್ಲಾಡಿಸುತ್ತಿದ್ದಳು. ಮುಗಿಯಿತು.

ಅಡುಗೆಮನೆಯಲ್ಲೂ ಅಷ್ಟೇ. ಅವಳು ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಲ್ಲಿ ತಿರುವಿ ಹಲಗೆಯ ಮೇಲೆ ಬೋರಲು ಹಾಕಿದ ದಿನ ನಾನು ಕಣ್ಣರಳಿಸಿ ನಿಂತೆ. ಅದು ಮುದ್ದೆ! ಹಳದಿ ಬಣ್ಣದ್ದು, ದಾರದಲ್ಲಿ ಕತ್ತರಿಸುತ್ತಾರೆ, ಆದರೂ ಮುದ್ದೆಯೇ. ಬಸ್ಸಾರಿನ ಜೊತೆ ಎರಡು ತುಂಡು ತಿಂದೆ. ರೊಟ್ಟಿ ತಿಂದು ಬೆಳೆದ ನಮ್ಮವರು ಮಾತ್ರ "ನಿಮ್ಮ ಮುದ್ದಿ ಕಾಟ ಯುರೋಪಿಗೂ ಹೋಗೇತಲ್ಲ" ಎಂದು ತಟ್ಟೆ ದೂರ ಸರಿಸಿದರು.

ಎಲ್ಲ ಸರಿಯಿತ್ತು, ಒಂದು ಬಿಟ್ಟು. ಮಗು ಅತ್ತರೆ ಕ್ರಿಸ್ತೀನಾ ನನ್ನ ಕೈಗೆ ಕೊಡುತ್ತಿದ್ದಳು. ನಾನಿಲ್ಲದಿದ್ದರೆ ಪ್ರಣವನ ಕೈಗೆ, ಅವನಿಲ್ಲದಿದ್ದರೆ ನಮ್ಮವರ ಕೈಗೆ. ಕೂಸನ್ನು ಕ್ರಿಕೆಟ್ ಬ್ಯಾಟಿನಂತೆ ಹಿಡಿಯುವ ಮನುಷ್ಯ ಅವರು. ತಾಯಿಯ ಕೈಗೆ ಮಾತ್ರ ಕೊಡುತ್ತಿರಲಿಲ್ಲ. ತಮಾರಾ ಕೇಳುತ್ತಲೂ ಇರಲಿಲ್ಲ. ನಾವೆಲ್ಲ ಏಳುವ ಮೊದಲೇ ಎದ್ದು ಬಾಟಲಿ ಕುದಿಸಿ, ಬಟ್ಟೆ ಒಗೆದು ಇಸ್ತ್ರಿ ಮಾಡಿ, ಬಾಡಿಗೆ ಮನೆಯ ಕಿಟಕಿ ಗಾಜನ್ನೂ ಒರೆಸಿಡುತ್ತಿದ್ದಳು. ಊಟಕ್ಕೆ ಕರೆದರೆ ಎಲ್ಲರದೂ ಆಗಲಿ ಎನ್ನುತ್ತಿದ್ದಳು. ಮೊಮ್ಮಗಳನ್ನು ನೋಡಲು ಬಂದವಳಂತಿರಲಿಲ್ಲ, ಕೆಲಸಕ್ಕೆ ಸೇರಿದವಳಂತಿದ್ದಳು. ಅದು ಅವಳ ರೂಢಿಯೆಂದು ತಿಳಿಯಲು ನನಗೆ ಸ್ವಲ್ಪ ಸಮಯ ಹಿಡಿಯಿತು.

ಮಧ್ಯಾಹ್ನ ತಾಯಿ ಮಗು ಮಲಗಿದಾಗ ನಾವಿಬ್ಬರೂ ಒಗೆದ ಬಟ್ಟೆಯ ರಾಶಿಯ ಮುಂದೆ ಕೂರುತ್ತಿದ್ದೆವು, ನಡುವೆ ಫೋನು. ಅವಳ ಕತೆ ಹೀಗೆ ಕುಪ್ಪಸ, ಲಂಗೋಟಿಗಳ ಸಂದಿಯಲ್ಲಿ ಚೂರು ಚೂರಾಗಿ ಬಂತು.

ಅವಳು ಶಾಲೆಯಲ್ಲಿ ಸಂಗೀತದ ಟೀಚರು. ಗಂಡ ಟೊಮೇಟೊ ಡಬ್ಬಿ ತುಂಬುವ ಸರ್ಕಾರಿ ಕಾರ್ಖಾನೆಯಲ್ಲಿ ಮೆಕ್ಯಾನಿಕ್ಕು. ದೇಶ ಒಡೆಯಿತು. ಒಡೆದ ದಿನ ಏನೂ ಆಗಲಿಲ್ಲವಂತೆ, ಪಾಠ ನಡೆಯಿತು, ಮಕ್ಕಳು ಹಾಡಿದರು. ಆಮೇಲೆ ಸಂಬಳ ತಡವಾಗತೊಡಗಿತು. ಆಮೇಲೆ ಸಂಬಳದ ಬದಲು ಕಾರ್ಖಾನೆಯವರು ಟೊಮೇಟೊ ಗೊಜ್ಜಿನ ಗಾಜಿನ ಜಾಡಿಗಳನ್ನು ಕೊಟ್ಟರು. ಮಂಚದ ಕೆಳಗೆ, ಬೀರುವಿನ ಮೇಲೆ, ಪಿಯಾನೋದ ಮೇಲೆ ಜಾಡಿಗಳು. ಊರಿನವರೆಲ್ಲರ ಮನೆಯಲ್ಲೂ ಅವೇ ಇದ್ದುದರಿಂದ ಕೊಳ್ಳುವವರಿಲ್ಲ. ಬ್ರೆಡ್ಡಿಗೆ ಜಾಡಿ, ಹಾಲಿಗೆ ಜಾಡಿ, ಡಾಕ್ಟರಿಗೂ ಜಾಡಿ. ಕೊನೆಗೆ ಕಾರ್ಖಾನೆಯ ಯಂತ್ರಗಳನ್ನೇ ಯಾರೋ ಗುಜರಿಗೆ ಬಿಚ್ಚಿಕೊಂಡು ಹೋದರು. ಊರಿನ ಸಿನಿಮಾ ಹಾಲಿನಲ್ಲಿ ಇಂಡಿಯಾದ ಚಿತ್ರ ನೋಡಿ ಅವಳೂ ಅವಳ ಗೆಳತಿಯರೂ ಕರವಸ್ತ್ರ ಹಿಂಡುವಷ್ಟು ಅತ್ತಿದ್ದರಂತೆ. ಆ ಹಾಲಿನಲ್ಲೂ ಆಗ ಹಳೆ ಬಟ್ಟೆಯ ಅಂಗಡಿ ಬಂತು. "ತಮ್ಮ ದೇಶದಲ್ಲಿ ನಿಜವಾಗಿಯೂ ಅಷ್ಟು ಅಳುತ್ತಾರೆಯೇ?" ಎಂದು ಫೋನಿನ ಹೆಂಗಸು ನನ್ನನ್ನು ಕೇಳಿದಳು. ಮದುವೆ ಮನೆಗಳಲ್ಲಿ ಮಾತ್ರ ಎಂದೆ.

ಗಂಡ ಕಟ್ಟಡದ ಕೆಲಸಕ್ಕೆಂದು ಮಾಸ್ಕೋಗೆ ಹೋದ. ಮೊದಲು ಫೋನ್ ಮಾಡುತ್ತಿದ್ದ, ಆಮೇಲೆ ಹಬ್ಬಕ್ಕೆ ಮಾತ್ರ, ಆಮೇಲೆ ಅದೂ ಇಲ್ಲ. "ಸತ್ತಿಲ್ಲ. ಬರಲಿಲ್ಲ, ಅಷ್ಟೇ" ಎಂದಳು ತಮಾರಾ, ಲಂಗೋಟಿಯೊಂದನ್ನು ನಾಲ್ಕು ಮಡಿಕೆ ಮಾಡುತ್ತ. ಪಿಯಾನೋ ಮಾರಿ ಆ ಹಣದಲ್ಲಿ, ಸರಿಯಾದ ಕಾಗದಪತ್ರವಿಲ್ಲದೆ, ಅವಳು ಇಟಲಿಗೆ ಹೋದಳು. ಅಲ್ಲಿ ಹಾಸಿಗೆ ಹಿಡಿದ ಮುದುಕಿಯರನ್ನು ನೋಡಿಕೊಳ್ಳಲು ಅವರ ದೇಶದ ಹೆಂಗಸರು ಸಾಲುಸಾಲಾಗಿ ಹೋಗುತ್ತಿದ್ದ ಕಾಲವದು. ಕ್ರಿಸ್ತೀನಾ ಎರಡನೇ ಕ್ಲಾಸಿನಲ್ಲಿದ್ದಳು. ಅಜ್ಜಿಯ ಜೊತೆ ಬಿಟ್ಟು ಹೋದಳು. ಕಾಗದಪತ್ರವಿಲ್ಲದ್ದರಿಂದ ಒಮ್ಮೆ ಹೊರಟರೆ ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಹೀಗಾಗಿ ಅವಳು ಊರಿಗೆ ಮರಳಿ ಬಂದಾಗ ಮಗಳು ತಾಯಿಯಷ್ಟೇ ಎತ್ತರವಾಗಿದ್ದಳು.

ಇದೇ ಕತೆಯನ್ನು ಕ್ರಿಸ್ತೀನಾ ಒಂದೇ ವಾಕ್ಯದಲ್ಲಿ ಹೇಳಿದ್ದಳು, ಅದೂ ಬೇರೆ ಏನೋ ಮಾತಿಗೆ: "ನಮ್ಮ ಕ್ಲಾಸಿನಲ್ಲಿ ಅಮ್ಮ ಮನೆಯಲ್ಲೇ ಇರೋ ಮಕ್ಕಳು ಬಡವರು. ಉಳಿದವರೆಲ್ಲರ ಹತ್ತಿರ ಜೀನ್ಸ್ ಇತ್ತು."

ಒಂದು ಬೆಳಿಗ್ಗೆ ಕ್ರಿಸ್ತೀನಾ ಸ್ನಾನಕ್ಕೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಮೆಂತ್ಯ ಹುರಿಯುತ್ತ ಅದರ ಗುಣವನ್ನು ಫೋನಿನ ಮೂಲಕ ತಮಾರಾಗೆ ವಿವರಿಸುತ್ತಿದ್ದೆ. ಮಗು ಅತ್ತಿತು. ನನ್ನ ಕೈಯಲ್ಲಿ ಬಾಣಲೆ. "ಹೋಗಿ, ಎತ್ಕೊಳ್ಳಿ" ಎಂದು ಸನ್ನೆ ಮಾಡಿದೆ. ತಮಾರಾ ಕೈ ಒರೆಸಿಕೊಂಡು ಹೋಗಿ ಮಗುವನ್ನೆತ್ತಿ ತಂದಳು. ಎದೆಗಾನಿಸಿಕೊಂಡು ಅಡುಗೆಮನೆಯಲ್ಲೇ ಅತ್ತಿತ್ತ ತೂಗುತ್ತ ಮೆಲ್ಲನೆ ಹಾಡತೊಡಗಿದಳು. ಎಂಥ ಕಂಠ ಅಂತೀರಿ! ನಡುನಡುವೆ "ನಿನ್ನ... ನನ್ನ..." ಎಂಬ ಮಾತು ಕಿವಿಗೆ ಬಿತ್ತು. ಸ್ವಲ್ಪ ಹೊತ್ತು ನಾನು ಬೀಗಿತ್ತಿ ಕನ್ನಡ ಕಲಿತುಬಿಟ್ಟಳೆಂದೇ ಹಿಗ್ಗಿದೆ. ಇಟಲಿಯ ಭಾಷೆಯಲ್ಲಿ ಜೋಗುಳಕ್ಕೇ ಆ ಹೆಸರು ಎಂದು ಆಗ ನನಗೇನು ಗೊತ್ತು?

ಕ್ರಿಸ್ತೀನಾ ಒದ್ದೆ ತಲೆಯಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಳು. ಮುಖ ಬಿಳಿಚಿತ್ತು. ರೊಮೇನಿಯನ್ನಿನಲ್ಲಿ ಏನೋ ಕೇಳಿದಳು. ತಾಯಿ ಏನೋ ಹೇಳಿದಳು. ದನಿ ಏರಿತು. ಕಟ್ಟೆಯ ಮೇಲೆ ತೆರೆದೇ ಇದ್ದ ನನ್ನ ಫೋನು ತನ್ನ ಕೆಲಸ ಶುರುಮಾಡಿತು, ವಾರ್ತೆ ಓದುವ ಅದೇ ದನಿಯಲ್ಲಿ.

"ಇದು ತಾವು ಆ ಬಾಲಕನಿಗೆ ಹಾಡುತ್ತಿದ್ದ ಹಾಡು. ದೂರವಾಣಿಯಲ್ಲಿ ನನಗೆ ಕೇಳಿಸುತ್ತಿತ್ತು" ಎಂದಿತು ಮಗಳ ಮಾತಿಗೆ.

"ಅವನು ಆ ಇಟಲಿಯ ವೃದ್ಧೆಯ ಮೊಮ್ಮಗ. ಅವನು ಅಳುತ್ತಿದ್ದನು" ಎಂದಿತು ತಾಯಿಯ ಮಾತಿಗೆ.

"ನಾನೂ ಅಳುತ್ತಿದ್ದೆನು. ನನ್ನ ಮಗುವಿಗೆ ನಮ್ಮ ಹಾಡನ್ನು ಹಾಡಿರಿ."

"ನಮ್ಮ ಹಾಡು ನನಗೆ ನೆನಪಿಗೆ ಬರುತ್ತಿಲ್ಲ."

"ತಾವು ಹೇಳದೆ ಹೋದಿರಿ. ದಯವಿಟ್ಟು ನನ್ನ ಮಗುವನ್ನು ಕೊಡಿ."

ಅವಳು ದಯವಿಟ್ಟು ಎಂದಿರಲಾರಳು. ತಮಾರಾ ಮಗುವನ್ನು ಕೊಟ್ಟಳು. ಕ್ರಿಸ್ತೀನಾ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. "ನಾನು ಆಲಿಸುತ್ತಿದ್ದೇನೆ, ಮುಂದುವರಿಸಿ" ಎಂದಿತು ಫೋನು. ನಾನು ಓಡಿ ಹೋಗಿ ಅದರ ಬಾಯಿ ಮುಚ್ಚಿಸಿದೆ. ಮೆಂತ್ಯ ಸೀದು ಹೋಗಿತ್ತು.

ಆಮೇಲೆ ಮನೆಯಲ್ಲಿ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ತಮಾರಾ ಗೋಡೆಗಳನ್ನೂ ಒರೆಸಲು ಶುರುಮಾಡಿದಳು. ಟಿಕೆಟ್ ಬದಲಾಯಿಸಿ ಬೇಗ ಕಳಿಸಲು ಆದೀತೇ ಎಂದು ಪ್ರಣವನನ್ನು ಕೇಳಿದಳಂತೆ. ನಮ್ಮವರು ತಮ್ಮ ಕೈಲಾದ ರಾಜಿ ಮಾಡಲು ಹೋಗಿ, "ಬೀಗರ, ಮಕ್ಕಳ ಮಾತು ಮನಸಿಗೆ ಹಚ್ಕೋಬ್ಯಾಡ್ರಿ" ಎಂದು ಫೋನಿನ ಸಹಾಯವೂ ಇಲ್ಲದೆ ಒಂದು ಭಾಷಣ ಮಾಡಿದರು. ತಮಾರಾ ಅವರಿಗೊಂದು ಸೇಬು ಹೆಚ್ಚಿ ಕೊಟ್ಟಳು.

ಕ್ರಿಸ್ತೀನಾ ಮಾತ್ರ ನನಗೆ ಇನ್ನಷ್ಟು ಅಂಟಿಕೊಂಡಳು. "ಅಮ್ಮ, ಮೀರಾನ ಸ್ವಲ್ಪ ಹಿಡ್ಕೊಳ್ಳಿ", "ಅಮ್ಮ, ಇವಳಿಗೆ ಎಣ್ಣೆ ಹಚ್ಚಿ." ಸುಳ್ಳು ಯಾಕೆ, ನನಗೆ ಹಿತವಾಗಿತ್ತು. ಇಂಥ ಸೊಸೆ ಯಾರಿಗುಂಟು ಎಂದು ಶುಗರ್ ಲ್ಯಾಂಡಿಗೆ ಫೋನ್ ಮಾಡಿ ಹೇಳಿಯೂ ಆಗಿತ್ತು. ಹಾಗೆ ಒಂದು ಸಂಜೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬೀಗುತ್ತಿರುವಾಗ ಎದುರಿನ ಕನ್ನಡಿಯಲ್ಲಿ ತಮಾರಾ ಕಂಡಳು. ಮಗುವಿನ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದಳು. ಜೋಡಿ ಮಾಡಿದ್ದನ್ನೇ ಬಿಚ್ಚಿ ಮತ್ತೆ ಜೋಡಿ ಮಾಡುತ್ತಿದ್ದಳು. ನಾನು ಕೂತಿರುವುದು ನನ್ನ ಜಾಗವಲ್ಲ ಅನ್ನಿಸಿತು. ಸಿನಿಮಾ ಹಾಲಿನಲ್ಲಿ ಟಿಕೆಟ್ಟಿನ ನಂಬರು ಸರಿಯಾಗಿ ನೋಡದೆ ಕೂತು ಅರ್ಧ ಚಿತ್ರ ಮುಗಿದ ಮೇಲೆ ಗೊತ್ತಾದ ಹಾಗೆ.

ಮರುದಿನ ಹಿತ್ತಲಲ್ಲಿ ನಮ್ಮವರಿಗೆ ಹೇಳಿದೆ, "ನಡೀರಿ, ಕ್ಯಾರಲ್ಟನ್‌ಗೆ ಹೋಗೋಣ."

"ಯಾಕ? ಕೂಸು ಈಗರೆ ನನ್ನ ಮಾರಿ ನೋಡಿ ನಗಾಕ ಹತ್ತೇತಿ."

"ಅದಕ್ಕೇ. ಮಗು ಅತ್ತಾಗೆಲ್ಲ ನಾನು ಕೈ ಚಾಚಿ ನಿಂತಿದ್ರೆ ಅವಳು ಅಮ್ಮನ ಕೈಗೆ ಯಾಕೆ ಕೊಡ್ತಾಳೆ ಹೇಳಿ?"

"ಮತ್ತ ಇಬ್ಬರೂ ಹೊಡದಾಡಿದ್ರ?"

"ಹೊಡೆದಾಡಲಿ. ಈಗ ಅದೂ ಇಲ್ವಲ್ಲ."

ಹೊರಡಲು ನೆಪ ಬೇಕಿತ್ತು. ನಮ್ಮ ಕರಿಬೇವಿನ ಗಿಡ ಬಾಡುತ್ತಿದೆಯಂತೆ, ಪಕ್ಕದ ಮನೆಯವರು ಫೋನ್ ಮಾಡಿದ್ದರು ಎಂದೆ. ಟೆಕ್ಸಸ್ಸಿನ ಕನ್ನಡಿಗರ ಮನೆಯಲ್ಲಿ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಪ್ರಣವ ಕೂಡಲೇ ಬ್ಯಾಗು ಕಾರಿಗಿಟ್ಟ. ಕ್ರಿಸ್ತೀನಾ ನನ್ನ ತೋಳು ಹಿಡಿದು, "ಬೇಗ ಬರ್ತೀರಲ್ಲ?" ಎಂದಳು. ಬರುತ್ತೇನೆಂದೆ. ತಮಾರಾ ನನ್ನ ಕಾಲಿನಲ್ಲಿ ಉಣ್ಣೆ ಚಪ್ಪಲಿ ಇದೆಯೇ ಎಂದಷ್ಟೇ ನೋಡಿದಳು.

ಕ್ಯಾರಲ್ಟನ್ನಿನ ಆ ವಾರಗಳು ನನ್ನ ಆತ್ಮಗೌರವಕ್ಕೆ ತಕ್ಕವಲ್ಲ. ಕರಿಬೇವಿನ ಗಿಡ ಸೊಂಪಾಗಿತ್ತು. ಅದನ್ನು ನೋಡಿದರೇ ಸಿಟ್ಟು ಬರುತ್ತಿತ್ತು. ಫೋನ್ ಮಾಡಬಾರದೆಂದು ನಿಶ್ಚಯಿಸಿ, ಮಾಡಿ, ಒಂದೇ ರಿಂಗಿಗೆ ಕಟ್ ಮಾಡಿ, "ಏನಮ್ಮ, ಮಿಸ್ಡ್ ಕಾಲ್?" ಎಂದು ಪ್ರಣವ ಕೇಳಿದರೆ "ಕೈ ತಾಗಿತು" ಎನ್ನುತ್ತಿದ್ದೆ. ಮಗುವಿಗೆ ಹೊಟ್ಟೆನೋವು, ಸಂಜೆಯಾದರೆ ಒಂದೇ ಸಮನೆ ಅಳುತ್ತಾಳೆ ಎಂದು ಅವನು ಹೇಳಿದ ದಿನ ನಾನು ಕಾರಿನ ಕೀ ಕೈಗೆತ್ತಿಕೊಂಡೇಬಿಟ್ಟಿದ್ದೆ. ನಮ್ಮವರು ಅದನ್ನು ಇಸಿದುಕೊಂಡು ತಮ್ಮ ಕಿಸೆಗೆ ಹಾಕಿಕೊಂಡರು. "ಬಂದದ್ದು ಯಾಕ ಅನ್ನೋದು ಮರತೇನು?"

ಆಮೇಲೊಂದು ವಿಡಿಯೋ ಕಾಲಿನಲ್ಲಿ ಪ್ರಣವನ ಹಿಂದೆ, ಪರದೆಯ ಅಂಚಿನಲ್ಲಿ, ಮಗುವನ್ನು ಕವುಚಿ ಮಲಗಿಸಿಕೊಂಡ ದಪ್ಪನೆಯ ತೋಳೊಂದು ಹಾದುಹೋಯಿತು. ತೋಳು ಮಾತ್ರ.

ಸ್ವಲ್ಪ ದಿನಕ್ಕೆ ಕ್ರಿಸ್ತೀನಾಳೇ ಫೋನ್ ಮಾಡಿದಳು. ಸರದಿಯ ಮೇಲೆ ಮಗುವನ್ನು ಹೊತ್ತು ತಿರುಗುತ್ತ ತಾಯಿ ಮಗಳು ಮಾತಾಡಬೇಕಾಗಿ ಬಂತಂತೆ, ಬೇರೆ ದಾರಿಯೇ ಇರಲಿಲ್ಲವಂತೆ.

"ಅಮ್ಮ, ನಾನು ಕೇಳಿದೆ. ಯಾಕೆ ಎಬ್ಬಿಸದೇ ಹೋದೆ ಅಂತ."

"ಏನಂದ್ರು?"

"ನೀನು ಎದ್ದಿದ್ದರೆ ನನಗೆ ಹೋಗೋಕೆ ಆಗ್ತಾ ಇರಲಿಲ್ಲ ಅಂದಳು. ವ್ಯಾನು ಗೇಟಿನ ಹತ್ತಿರ ನಿಂತಿತ್ತಂತೆ. ಅಜ್ಜಿ ಬೇಗ ಬೇಗ ಅಂತ ಇದ್ದಳಂತೆ." ಹಾಗೇ ಮುಂದುವರಿಸಿದಳು, "ಅದೇ ವ್ಯಾನು ಆಮೇಲೆ ವಾರವಾರ ಇಟಲಿಯಿಂದ ಪಾರ್ಸೆಲ್ ತರ್ತಿತ್ತು. ನಾನು ಪ್ರತಿ ಸಲ ಕಿಟಕಿ ಹತ್ತಿರ ನಿಲ್ತಿದ್ದೆ. ಕಾಫಿ, ಸೋಪು, ಜೀನ್ಸ್, ಎಲ್ಲ ಇಳಿಯೋದು. ಅವಳು ಇಳೀತಿರಲಿಲ್ಲ."

"ಅವರಿಗೆ ಇದನ್ನ ಹೇಳಿದ್ಯಾ?"

"ಇಲ್ಲ. ಅದನ್ನ ಹೇಗೆ ಹೇಳೋದು?" ಎಂದಳು. ಆ ಕಡೆ ಮಗು ಅತ್ತಿತು, ಫೋನಿಟ್ಟಳು.

ಅವಳ ರಜೆ ಮುಗಿಯುವ ಹೊತ್ತಿಗೆ ಡೇಕೇರಿನಲ್ಲಿ ಜಾಗ ಇನ್ನೂ ಖಾಲಿಯಾಗಿರಲಿಲ್ಲ. ಅಲ್ಲಿಯವರೆಗೆ ತಮಾರಾ ನೋಡಿಕೊಳ್ಳುವುದೆಂದು ಅವರವರೇ ಮಾತಾಡಿಕೊಂಡಿದ್ದರು. ಟಿಕೆಟ್ಟಿನ ಮಾತು ಯಾರೂ ಎತ್ತಲಿಲ್ಲ. ಮೊದಲ ದಿನಕ್ಕೆ ನಾನು ಬರಬೇಕೆಂದು ಕ್ರಿಸ್ತೀನಾ ಹೇಳಿಕಳಿಸಿದಳು. ಹಿಂದಿನ ದಿನವೇ ಹೋದೆವು.

ಬೆಳಿಗ್ಗೆ ಅವಳು ಆಫೀಸಿನ ಬಟ್ಟೆ ಹಾಕಿಕೊಂಡು ಬಾಗಿಲವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಮಗು ಆಗಷ್ಟೇ ಕಣ್ಣು ಮುಚ್ಚಿತ್ತು. ನಾನು ನಮ್ಮೂರಿನ ರೂಢಿಯಂತೆ, "ಮಲಗಿದೆ, ಹಾಗೇ ಮೆಲ್ಲಗೆ ಹೋಗ್ಬಿಡು" ಎಂದು ಪಿಸುಗುಟ್ಟಿದೆ. ತಮಾರಾ ನನ್ನ ಕಡೆ ನೋಡಿದಳು. ಎದ್ದು ಬಂದು, ನಿದ್ದೆಯಲ್ಲಿದ್ದ ಮಗುವಿನ ಕೆನ್ನೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ಎಬ್ಬಿಸಿದಳು. ಕಣ್ಣು ಬಿಟ್ಟ ಕೂಸನ್ನು ಮಗಳ ಮುಖದ ಎದುರಿಗೆ ಹಿಡಿದು ಏನೋ ಹೇಳಿದಳು. ಕ್ರಿಸ್ತೀನಾ ಮಗುವಿಗೆ ಮುತ್ತಿಟ್ಟು, ಅವರ ಭಾಷೆಯಲ್ಲಿ ಎರಡು ಮಾತಾಡಿ, ನನ್ನ ಕಡೆ ತಿರುಗಿದಳು. "ಹೇಳಿ ಹೋಗು ಅಂದಳು. ಐದೂವರೆಗೆ ಬರ್ತೀನಿ ಅಂತ ಹೇಳಿದೆ." ಮಗು ಅತ್ತಿತು. ಸಾಕಷ್ಟು ಹೊತ್ತು ಅತ್ತಿತು. ಆದರೂ ಕಾರು ಹೋಯಿತು.

ಹಗಲು ಸುಮ್ಮನೆ ಕಳೆಯಿತು. ಮಗು ಹಾಲು ಕುಡಿಯಿತು, ಮಲಗಿತು. ನಾನು ಬಿಸಿಬೇಳೆಬಾತ್ ಮಾಡಿದೆ. ಐದು ಗಂಟೆಗೆ ತಮಾರಾ ಮಗುವನ್ನೆತ್ತಿಕೊಂಡು ಬೀದಿಯ ಕಡೆಯ ಕಿಟಕಿಗೆ ಹೋದಳು. ಐದೂವರೆ ಆಯಿತು. ಹೈವೇಯಲ್ಲಿ ಯಾವುದೋ ಟ್ರಕ್ಕು ಮಗುಚಿ ಗಾಡಿಗಳು ನಿಂತುಬಿಟ್ಟಿವೆ ಎಂದು ಪ್ರಣವನಿಗೆ ಮೆಸೇಜು ಬಂತು. ಅವನು ತಮಾರಾಗೆ ಹೇಳಿದ. ಅವಳು ತಲೆಯಾಡಿಸಿದಳು, ಕದಲಲಿಲ್ಲ. ನಾನು ಕುರ್ಚಿ ಎಳೆದುಕೊಟ್ಟೆ, ಕೂರಲಿಲ್ಲ. ಮಗುವನ್ನು ಕೊಡಿ ಎಂದು ಕೈ ಚಾಚಿದೆ, ಕೊಡಲಿಲ್ಲ. ಬೀದಿಯ ತಿರುವಿನಲ್ಲಿ ಪ್ರತಿ ಕಾರು ಕಂಡಾಗಲೂ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಕಾರು ಮುಂದೆ ಹೋದಾಗ ಮತ್ತೆ ಸಡಿಲುತ್ತಿತ್ತು. ಆರು ದಾಟಿತು. ಅಷ್ಟು ದಿನದಲ್ಲಿ ಮೊದಲ ಬಾರಿಗೆ ನಾನು ಅವಳು ಕೆಲಸ ಮಾಡದೆ ನಿಂತಿದ್ದನ್ನು ನೋಡಿದೆ.

ಏಳಕ್ಕೆ ಹತ್ತಿರ ಕ್ರಿಸ್ತೀನಾ ಬಂದಳು. "ಸಾರಿ, ಸಾರಿ" ಎನ್ನುತ್ತ ಬೂಟು ಕಳಚುತ್ತಿದ್ದಳು. ತಮಾರಾ ಕಿಟಕಿಯ ಬಳಿಯಿಂದಲೇ, ತಿರುಗದೆ, ಒಂದು ಮಾತು ಕೇಳಿದಳು. ಕ್ರಿಸ್ತೀನಾ ಒಂದು ಬೂಟು ಕೈಯಲ್ಲಿ ಹಿಡಿದು ಹಾಗೇ ನಿಂತಳು.

ನಮ್ಮವರು ನನ್ನನ್ನು ನೋಡಿದರು. ನಾನು ಫೋನು ತೆಗೆಯಲಿಲ್ಲ.

"ಏನಂತೆ?" ಎಂದು ಕೊನೆಗೆ ಪ್ರಣವ ಮೆಲ್ಲಗೆ ಕೇಳಿದ.

"ವ್ಯಾನು ಬಂದಾಗಲೆಲ್ಲ ಹೀಗೇ ಆಗ್ತಿತ್ತಾ ನಿನಗೆ, ಅಂತ ಕೇಳ್ತಿದ್ದಾಳೆ" ಎಂದಳು ಕ್ರಿಸ್ತೀನಾ.

ಆಮೇಲೆ ತಾಯಿಯ ಕಡೆ ನೋಡಿ "ದಾ" ಎಂದಳು. ಹೌದು ಎನ್ನುವುದಕ್ಕೆ ಅವರಲ್ಲಿ ಅಷ್ಟೇ ಮಾತು. ಬೂಟನ್ನು ಕೆಳಗಿಟ್ಟು, ಕಿಟಕಿಯ ಹತ್ತಿರ ಹೋಗಿ ತಾಯಿಯ ಪಕ್ಕದಲ್ಲಿ ನಿಂತಳು. ಮಗುವನ್ನು ತೆಗೆದುಕೊಳ್ಳಲಿಲ್ಲ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ಆದರೂ ಇಬ್ಬರೂ ಬಹಳ ಹೊತ್ತು ಬೀದಿಯನ್ನೇ ನೋಡುತ್ತಿದ್ದರು. ನಾನು ಒಳಗೆ ಹೋಗಿ ಬಿಸಿಬೇಳೆಬಾತನ್ನು ಮತ್ತೆ ಬಿಸಿಗಿಟ್ಟೆ.